ಚಿತ್ತಾಪುರಕ್ಕೆ ಬಂದ ಸಮುದ್ರ

೮ ಜನವರಿ ೨೦೨೫

ಇವತ್ತು ನಮ್ಮ ಕಚೇರಿಗೆ ಸಮುದ್ರ ಬಂತು. ಸಾದಾ ಟಪಾಲಿನಲ್ಲಿ, ಎರಡು ಪಿನ್ನು ಹೊಡೆದ ಖಾಕಿ ಲಕೋಟೆಯಲ್ಲಿ ಬಂತು.

"ಕರಾವಳಿಯ ಸಣ್ಣ ಮೀನುಗಾರಿಕೆ ಪಟ್ಟಣಗಳ ಸುತ್ತಲಿನ ಪ್ರೇಕ್ಷಣೀಯ ಸ್ಥಳಗಳ ಮಾಹಿತಿ ಸಲ್ಲಿಸುವ ಬಗ್ಗೆ" ಎಂಬುದು ವಿಷಯ. ಇಪ್ಪತ್ತೆರಡು ಕಲಮಿನ ನಮೂನೆ. ಕಡಲತೀರ, ದೀಪಸ್ತಂಭ, ದ್ವೀಪ, ದೋಣಿವಿಹಾರ, ಸೂರ್ಯಾಸ್ತ ನೋಡುವ ಜಾಗ, ಕಾಂಡ್ಲಾ ಕಾಡು. ಮಾದರಿಗೆಂದು ಯಾವುದೋ ಕರಾವಳಿ ಊರಿನ ಬಣ್ಣದ ಪುಸ್ತಿಕೆಯನ್ನೂ ಇಟ್ಟಿದ್ದಾರೆ. ಕೊನೆಯ ಸಾಲು ದಪ್ಪ ಅಕ್ಷರದಲ್ಲಿದೆ: "ಶೂನ್ಯ ವರದಿಯನ್ನು ಸ್ವೀಕರಿಸಲಾಗುವುದಿಲ್ಲ."

ಚಿತ್ತಾಪುರದಲ್ಲೇ ಹುಟ್ಟಿ, ಇಲ್ಲೇ ಇಪ್ಪತ್ತಾರು ವರ್ಷದಿಂದ ಗುಮಾಸ್ತಿಕೆ ಮಾಡುತ್ತಿರುವ ನಾನು ಕಂಡ ಅತಿ ದೊಡ್ಡ ನೀರೆಂದರೆ ಮಳೆಗಾಲದ ಕಾಗಿಣಾ ಹೊಳೆ. ಸಮುದ್ರವನ್ನು ಕ್ಯಾಲೆಂಡರಿನಲ್ಲಿ ನೋಡಿದ್ದೇನೆ. ಕಾಗದ ಹಿಡಿದು ನಮ್ಮ ಅಧಿಕಾರಿ ಉಮಾದೇವಿ ಮೇಡಂ ಬಳಿ ಹೋದೆ.

"ಮೇಡಂ, ಇದು ಕಾರವಾರ ಕಡಿ ಹೋಗಬೇಕಾದ್ದು, ದಾರಿ ತಪ್ಪಿ ನಮ್ಮ ಕಡಿ ಬಂದಂಗದರಿ."

ಅವರು ಲಕೋಟೆ ತಿರುವಿ ನೋಡಿದರು. "ಇದರ ಮ್ಯಾಲ ನಮ್ಮ ಆಫೀಸಿನ ಹೆಸರ ಅದ ಇಲ್ಲೋ?"

"ಅದರಿ."

"ಮತ್ತ ದಾರಿ ಹೆಂಗ ತಪ್ತದ? ಮ್ಯಾಲಿನವರು ವಿಚಾರ ಮಾಡೇ ಕಳಿಸಿರ್ತಾರ. ತುಂಬಿ ಕೊಡ್ರಿ ಗುರುಲಿಂಗಯ್ಯನೋರ. ಏಪ್ರಿಲ್‌ದಾಗ ಪ್ರಮೋಷನ್ ಪಟ್ಟಿ ಬರ್ತದ, ನಿಮ್ಮ ಹೆಸರ ಮೊದಲ ಅದ. ಈ ಟೈಮಿನ್ಯಾಗ ಕಿರಿಕಿರಿ ಯಾಕ?"

ಇಪ್ಪತ್ತಾರು ವರ್ಷ ದ್ವಿತೀಯ ದರ್ಜೆಯಲ್ಲಿ ಕೂತವನಿಗೆ ಪ್ರಥಮ ದರ್ಜೆ ಎಂದರೆ ಏನು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಕಾಗದ ಮಡಚಿಕೊಂಡು ಬಂದೆ.

೯ ಜನವರಿ

ಆದರೂ ಮನಸ್ಸು ತಡೆಯದೆ ಮೇಲಿನ ಕಚೇರಿಗೆ ಫೋನ್ ಮಾಡಿದೆ. "ನಮ್ಮಲ್ಲಿ ಸಮುದ್ರ ಇಲ್ಲ" ಎಂದೆ. ಆ ಕಡೆಯವರು, "ಯಾಕಿಲ್ಲ ಅನ್ನೋದಕ್ಕೆ ಕಾರಣ ಬರಹದಲ್ಲಿ ಕೊಡಿ" ಎಂದರು.

ಫೋನ್ ಇಟ್ಟೆ.

೧೬ ಜನವರಿ

ಸಂಕ್ರಾಂತಿ ಮುಗಿಯಿತು, ಸಮುದ್ರ ಹುಡುಕಲು ಹೊರಟೆ. ಜೀಪು ಬಂದೇಅಲಿಯದು. ನನಗಿಂತ ಎರಡು ವರ್ಷ ಮೊದಲೇ ಈ ಇಲಾಖೆಗೆ ಸೇರಿದ ಡ್ರೈವರ್, ಆದ್ದರಿಂದ ಇಲಾಖೆಯ ಬಗ್ಗೆ ನನಗಿಂತ ಎರಡು ವರ್ಷ ಜಾಸ್ತಿ ನಗುತ್ತಾನೆ.

ಕೋಡ್ಲಾ ದಾಟುವಾಗ ಸಿಮೆಂಟ್ ಕಾರ್ಖಾನೆಯ ಚಿಮಣಿ ಕಂಡಿತು. ತುದಿಯಲ್ಲಿ ಕೆಂಪು ದೀಪ. "ಅಯ್ಯನೋರೆ, ನಿಮ್ಮ ದೀಪಸ್ತಂಭ ಹಾಜರ್ ಅದ ನೋಡ್ರಿ. ಸೇಡಂದಿಂದ ಬರೋ ಲಾರಿಯವರು ಅದನ್ನ ನೋಡೇ ದಾರಿ ಹಿಡೀತಾರ" ಎಂದ. ಬರೆದುಕೊಂಡೆ. ಶಹಾಬಾದಿನಲ್ಲಿ ಕೈಬಿಟ್ಟ ಫರ್ಸಿ ಹಾಸುಗಲ್ಲಿನ ಖಣಿಯೊಂದರ ಅಂಚಿಗೆ ನಿಂತರೆ ಸೂರ್ಯ ಚೆನ್ನಾಗಿ ಮುಳುಗುತ್ತಾನೆ. ಅದು ಸೂರ್ಯಾಸ್ತದ ಕಲಮಿಗೆ ಹೋಯಿತು. ಚಿಂಚೋಳಿ ಕಾಡನ್ನು ಕಾಂಡ್ಲಾ ಕಾಡಿನ ಕೆಳಗೆ ಸೇರಿಸಿದೆ. ಕಾಂಡ್ಲಾ ಉಪ್ಪುನೀರಿನಲ್ಲಿ ಬೆಳೆಯುವ ಗಿಡವಂತೆ. ಚಿಂಚೋಳಿಯ ಗಿಡಗಳಿಗೆ ಈ ಮಾತು ಯಾರೂ ಹೇಳಬಾರದು. ವಾಡಿ ಜಂಕ್ಷನ್ ನೋಡಿ ಬಂದೇಅಲಿ, "ಇಷ್ಟ ಮಂದಿ ಇಳಿಯೋ ಜಾಗಾಕ್ಕ ಬಂದರು ಅನ್ನಲಾರದ ಇನ್ನೇನ ಅಂತಾರ?" ಎಂದ. ಅದನ್ನೂ ಬರೆದೆ.

ಮಳಖೇಡದ ಕೋಟೆಗೂ ಸನ್ನತಿಯ ಅಶೋಕನ ಕಲ್ಲಿಗೂ ನಮೂನೆಯಲ್ಲಿ ಕಲಮೇ ಇಲ್ಲ. "ಇತರೆ" ಎಂಬ ಒಂದು ಚೌಕವಿದೆ, ಅದರಲ್ಲಿ ಹತ್ತು ಅಕ್ಷರ ಹಿಡಿಯುತ್ತದೆ. ಒಂದು ಕಾಲಕ್ಕೆ ದಕ್ಷಿಣವನ್ನೆಲ್ಲ ಆಳಿದ ರಾಜಧಾನಿ ಹತ್ತು ಅಕ್ಷರಕ್ಕೆ ಬಂದು ನಿಂತಿತು.

೨೪ ಜನವರಿ

ಕಡಲತೀರ ಒಂದು ಉಳಿದಿತ್ತು. ಕಾಗಿಣಾ ದಂಡೆಯ ಕರಿಗುಂಡ ಎಂಬ ಊರಿಗೆ ಹೋದೆವು. ಹೊಳೆ ಅಲ್ಲಿ ಬಾಗುತ್ತದೆ, ಬಾಗಿದಲ್ಲಿ ಸುಮಾರಾಗಿ ಮರಳಿದೆ. ನಡುನೀರಿನ ಬಂಡೆಯ ಮೇಲೆ ನಾಲ್ಕು ಎಮ್ಮೆಗಳು ಮಲಗಿದ್ದವು. ದ್ವೀಪವೂ ಆಯಿತು, ವನ್ಯಜೀವಿಯೂ ಆಯಿತು.

ದಂಡೆಯ ಮೇಲೆ ಮೀನು ಹಿಡಿಯುವ ಜನರ ಗುಡಿಸಲುಗಳಿವೆ. ವಾಸನೆ ತಡೆಯಲಾಗದೆ ಟವೆಲ್ಲನ್ನು ಮೂಗಿಗೆ ಕಟ್ಟಿಕೊಂಡೆ. ನಮ್ಮದು ಜಂಗಮರ ಮನೆ. ಏಳು ತಲೆಮಾರಿನಿಂದ ಈ ವಾಸನೆ ಹೊಸ್ತಿಲು ದಾಟಿಲ್ಲ. ಹರಿಗೋಲಿನ ಪಕ್ಕದ ಚಪ್ಪಟೆ ಕಲ್ಲಿನ ಮೇಲೆ ಒಬ್ಬ ಹೆಂಗಸು ಮೀನು ಮಾರುತ್ತಿದ್ದಳು. ಬಂದೇಅಲಿ ಅವಳನ್ನು ಪೀರಮ್ಮ ಎಂದು ಕರೆದ. ಅವನು ಅವಳ ಹಳೆಯ ಗಿರಾಕಿ.

"ಹೊಳಿ ಅಳ್ಯಾಕ ಬಂದೀರೇನ್ರಿ ಸಾಹೇಬ್ರ?"

"ಪ್ರೇಕ್ಷಣೀಯ ಸ್ಥಳ ನೋಡಲಿಕ್ಕ ಬಂದೀವಿ" ಎಂದೆ, ಟವೆಲ್ಲಿನೊಳಗಿಂದಲೇ.

"ನೋಡ್ರಿ, ನೋಡ್ರಿ. ಖರೆ ಮೂಗ ಮುಚ್ಕೊಂಡು ಏನ ಕಾಣ್ತದ?"

ಸಲಿಗೆ ಕೊಟ್ಟರೆ ಈ ಜನ ತಲೆ ಮೇಲೆ ಕೂರುತ್ತಾರೆ. ಬೇಗ ಹೊರಟೆ.

೩೦ ಜನವರಿ

ನಮೂನೆ ತುಂಬಿದೆ. ಒಂದನೇ ಕಲಮು "ಸಮುದ್ರದಿಂದ ಇರುವ ದೂರ". ಅದಕ್ಕೆ ಏನು ಬರೆಯಬೇಕೆಂದು ತಿಳಿಯದೆ ಮೇಡಂಗೆ ತೋರಿಸಿದೆ. ಅವರು ಪೆನ್ನಿನ ತುದಿ ಕಚ್ಚಿ, ಯೋಚಿಸಿ, "ಪರಿಶೀಲನೆಯಲ್ಲಿದೆ" ಎಂದು ಬರೆದರು. ಅಧಿಕಾರಿಯಾಗುವವರಿಗೂ ಗುಮಾಸ್ತರಾಗುವವರಿಗೂ ಇರುವ ವ್ಯತ್ಯಾಸ ಇದೇ.

ಒಂಬತ್ತನೇ ಕಲಮು "ತೀರದಲ್ಲಿ ವಾಸಿಸುವ ಸಮುದ್ರ ಮೀನುಗಾರ ಕುಟುಂಬಗಳು". ಇದಕ್ಕೆ ನಾನು ಯಾರನ್ನೂ ಕೇಳಲಿಲ್ಲ. "ಇಲ್ಲ" ಎಂದು ಬರೆದೆ. ಕರಿಗುಂಡದವರು ಹೊಳೆ ಮೀನು ಹಿಡಿಯುವವರು, ಸಮುದ್ರದ್ದಲ್ಲ. ಇಡೀ ವರದಿಯಲ್ಲಿ ಖರೆ ಇರುವುದು ಇದೊಂದೇ ಉತ್ತರ. ಬರೆದಾಗ ಮನಸ್ಸು ಹಗುರಾಯಿತು.

೧೩ ಫೆಬ್ರವರಿ

ನಮ್ಮ ವರದಿ ಮೊದಲ ಸುತ್ತಿನಲ್ಲಿ ಪಾಸಾಗಿದೆ! ಎಲ್ಲ ಕಲಮುಗಳನ್ನು ಪೂರ್ತಿ ತುಂಬಿದ ಕಚೇರಿ ನಮ್ಮದೊಂದೇ ಅಂತೆ. ಕರಾವಳಿಯವರೇ ಮೂರು ಕಲಮು ಖಾಲಿ ಬಿಟ್ಟಿದ್ದಾರೆ. ಮೇಡಂ ಎಲ್ಲರಿಗೂ ಪೇಡೆ ಹಂಚಿದರು. ಕರಿಗುಂಡದಲ್ಲಿ "ಮಾದರಿ ಕಡಲತೀರ" ಆಗುತ್ತದೆ. ಛತ್ರಿಗಳು, ಒರಗುಕುರ್ಚಿಗಳು, ಎಳನೀರಿನ ಅಂಗಡಿ.

ಪೇಡೆ ಬಾಯಲ್ಲಿರುವಾಗಲೇ ಎರಡನೇ ಪುಟ ಓದಿದೆ. "ಒಂಬತ್ತನೇ ಕಲಮಿನ ಪ್ರಕಾರ ತೀರವು ನಿರ್ಜನವಾಗಿರುವುದರಿಂದ ಅಲ್ಲಿರುವ ಅನಧಿಕೃತ ಗುಡಿಸಲುಗಳನ್ನು ಮಾರ್ಚ್ ಅಂತ್ಯದೊಳಗೆ ತೆರವುಗೊಳಿಸುವುದು."

ನಿರ್ಜನ ಎಂದು ನಾನು ಬರೆದಿರಲಿಲ್ಲ. "ಇಲ್ಲ" ಎಂದಷ್ಟೇ ಬರೆದಿದ್ದೆ.

೧೭ ಫೆಬ್ರವರಿ

ನೋಟೀಸು ಹಚ್ಚಲು ನನ್ನನ್ನೇ ಕಳಿಸಿದರು. ಏಳು ಗುಡಿಸಲು, ಏಳು ನೋಟೀಸು. ಪೀರಮ್ಮನ ಬಾಗಿಲಿಗೆ ಹಚ್ಚುವಾಗ ಅವಳು ಹೊರಗೆ ಬಂದಳು. ಓದಲು ಬಾರದು, ಓದಿ ಹೇಳ್ರಿ ಎಂದಳು. "ಈ ಮೂಲಕ ತಿಳಿಯಪಡಿಸುವುದೇನೆಂದರೆ" ಎಂದು ಶುರು ಮಾಡಿದೆ.

"ನಮ್ಮ ಮಾತಿನ್ಯಾಗ ಹೇಳ್ರಿ."

"ಈ ದಂಡಿ ಮ್ಯಾಲ ಯಾರೂ ಇಲ್ಲಂತ ರಿಪೋರ್ಟ್ ಅದ. ಅದಕ್ಕ ತಿಂಗಳೊಪ್ಪತ್ತಿನ್ಯಾಗ ನೀವು ಜಾಗಾ ಖಾಲಿ ಮಾಡಬೇಕಂತ."

ಅವಳು ನೋಟೀಸನ್ನೂ ನನ್ನನ್ನೂ ನೋಡಿದಳು. "ಯಾರೂ ಇಲ್ಲಂದ ಮ್ಯಾಲ ಈ ಚೀಟಿ ಯಾರ ಬಾಗಲಕ್ಕ ಹಚ್ಚಾಕತ್ತೀರಿ?"

ಅಂಟಿನ ಡಬ್ಬಿ ಕೈಯಲ್ಲಿತ್ತು. ಹಚ್ಚದೆ ವಾಪಸು ಹೋದರೆ ಕರ್ತವ್ಯಲೋಪ. ಹಚ್ಚಿದೆ. ಅವಳ ಮೈದುನ ಲಾಲಪ್ಪ, ಗಟ್ಟಿಮುಟ್ಟಾದ ಮನುಷ್ಯ, ಹರಿಗೋಲಿನ ಬಳಿ ನಿಂತು ನೋಡುತ್ತಿದ್ದ. ಬೈಯುತ್ತಾನೆ ಎಂದುಕೊಂಡೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಪೀರಮ್ಮ ಹೇಳಿದ್ದು ಇಷ್ಟು: ಹೊಳೆ ದಾಟುವ ದಾರಿ ಇಲ್ಲಿಗೇ ಬರುತ್ತದೆ, ಕಾಳಗಿ ಸಂತೆಗೆ ಹೋಗುವ ಮಂದಿ ಇಲ್ಲೇ ನಿಂತು ಮೀನು ಕೊಳ್ಳುತ್ತಾರೆ. ಬೇರೆಲ್ಲಿ ಕೂತರೂ ಬುಟ್ಟಿ ಖಾಲಿಯಾಗುವುದಿಲ್ಲ.

೨೩ ಫೆಬ್ರವರಿ, ಭಾನುವಾರ

ಹದಿನಾಲ್ಕನೇ ಕಲಮು "ಗಾಳಿಯ ದಿಕ್ಕು". ಅದನ್ನು ಸರಿಯಾಗಿ ನೋಡಿರಲಿಲ್ಲ ಎಂದು ನೆನಪಾಗಿ ಬಸ್ಸು ಹತ್ತಿ ಕರಿಗುಂಡಕ್ಕೆ ಹೋದೆ. ಗಾಳಿ ಪಡುವಣದ್ದು. ಪೀರಮ್ಮ ಚಹಾ ಕೊಟ್ಟಳು. ಬಾಯಾರಿತ್ತು, ಕುಡಿದೆ.

ಮಧ್ಯಾಹ್ನದವರೆಗೂ ಗಾಳಿ ಬದಲಾಗುತ್ತದೇನೋ ಎಂದು ಕಾದೆ.

೪ ಮಾರ್ಚ್

ಒಂಬತ್ತನೇ ಕಲಮನ್ನು ತಿದ್ದಿಸಬೇಕೆಂದು ಕಲಬುರಗಿಗೆ ಹೋಗಿದ್ದೆ. ಕಂಪ್ಯೂಟರ್ ಮುಂದಿದ್ದವರು ಸಮಾಧಾನದಿಂದಲೇ ವಿವರಿಸಿದರು. ಸಂಖ್ಯೆ ಇದ್ದರೆ ತಿದ್ದಬಹುದು; ಏಳನ್ನು ಎಂಟು ಮಾಡಬಹುದು, ನೂರೆಂಟೂ ಮಾಡಬಹುದು. "ಇಲ್ಲ" ಎಂಬುದನ್ನು ತಿದ್ದಲು ಬರುವುದಿಲ್ಲ. ಇಲ್ಲದ್ದನ್ನು ಹೇಗೆ ತಿದ್ದುವುದು?

"ಹಂಗಾರ ಏಳು ಮನಿ ಇದಾವ ಅಂತ ಹೊಸಾದಾಗಿ ಬರಕೊಡ್ತೀನಿ."

"ಬರಕೊಡ್ರಿ. ಮೊದಲಿಂದು ಸುಳ್ಳ ಅಂತ ಸಹಿ ಮಾಡಬೇಕಾಗ್ತದ ಮತ್ತ."

ಸುಳ್ಳು ಎಂದು ಸಹಿ ಮಾಡಿದರೆ ಪ್ರಮೋಷನ್ನಿಗೆ ಎಳ್ಳುನೀರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ನನ್ನ ವಿಷಯದಲ್ಲಿ ಪೂಜಾರಿ ಕೊಡಲು ತಯಾರಿದ್ದ, ತೆಗೆದುಕೊಳ್ಳುವ ಧೈರ್ಯ ನನಗಿರಲಿಲ್ಲ. ಇದನ್ನು ಇಲ್ಲಿಯಾದರೂ ಒಪ್ಪಿಕೊಳ್ಳುತ್ತೇನೆ.

ಊರಿಗೆ ಬಂದು ಮೇಡಂಗೆ ಹೇಳಿದೆ. ಅವರ ಮುಖ ಸಣ್ಣದಾಯಿತು. "ನನಗೂ ನಿದ್ದಿ ಹತ್ತವಲ್ದು ಅಯ್ಯನೋರ. ಖರೆ ಈಗ ಏನ ಮಾಡ್ಲಿಕ್ಕ ಬರ್ತದ? ಪೇಡೆ ಹಂಚಿ ಕುಂತೀವಿ."

೯ ಮಾರ್ಚ್, ಭಾನುವಾರ

ಗಾಳಿ ಪಡುವಣದ್ದೇ. ಮರಲ್ ಮೀನು ನೀರು ಕಮ್ಮಿಯಾದರೆ ಕೆಸರಿನಲ್ಲಿ ಹುದುಗಿ ಮಳೆ ಬರುವವರೆಗೂ ಜೀವ ಹಿಡಿದುಕೊಂಡಿರುತ್ತದಂತೆ. ಜಿಲೇಬಿ ಎಂಬ ಮೀನಿಗೂ ಜಿಲೇಬಿಗೂ ಸಂಬಂಧವಿಲ್ಲ. ಲಾಲಪ್ಪನ ಹಿರಿಮಗಳು ಎಸ್ಸೆಸ್ಸೆಲ್ಸಿ, ಗಣಿತ ಕಷ್ಟವಂತೆ. ಎರಡು ಲೆಕ್ಕ ತೋರಿಸಿಕೊಟ್ಟೆ. ಮೂರನೇ ಮನೆಯ ಸಂಘಪಾಲನ ತಾಯಿಗೆ ಕಣ್ಣಿನ ಪೊರೆ.

ಮನೆಗೆ ಬಂದರೆ ಹೆಂಡತಿ ಭಾಗ್ಯ, "ರವಿವಾರ ರವಿವಾರ ಎಲ್ಲಿಗಿ ಹೋಗ್ತೀರಿ ನೀವು? ಪೂಜಿ ಟೈಮ್ ಸೈತ ನೆನಪಿರಂಗಿಲ್ಲ" ಎಂದಳು. ಕಚೇರಿ ಕೆಲಸ ಎಂದೆ. ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಭಾನುವಾರ ಕಚೇರಿ ಕೆಲಸ ಮಾಡದವನ ಈ ಮಾತನ್ನು ಅವಳು ಹೇಗೆ ನಂಬಿದಳೋ.

೧೮ ಮಾರ್ಚ್

ಆರು ಛತ್ರಿಗಳು ಬಂದಿವೆ. ಕಚೇರಿಯಲ್ಲಿ ಜಾಗವಿಲ್ಲದ್ದಕ್ಕೆ ನನ್ನ ಮೇಜಿನ ಪಕ್ಕ ಒಂದನ್ನು ಬಿಚ್ಚಿ ನಿಲ್ಲಿಸಿದ್ದಾರೆ. ದಾಖಲೆ ಪತ್ರ ಕೇಳಲು ಬಂದ ಒಬ್ಬ ಮುದುಕ ನನಗೆ ನಮಸ್ಕಾರ ಮಾಡುವ ಮೊದಲು ಛತ್ರಿಗೆ ನಮಸ್ಕಾರ ಮಾಡಿದ.

೨೪ ಮಾರ್ಚ್

ನಾಳೆ ಬೆಂಗಳೂರಿನಿಂದ ತಪಾಸಣೆಗೆ ಬರುತ್ತಾರೆ. ಸ್ಥಳ ಸಮೀಕ್ಷೆ ಮಾಡಿದವನು ನಾನಾದ್ದರಿಂದ "ತೀರ ನಿರ್ಜನವಾಗಿದೆ" ಎಂಬ ದೃಢೀಕರಣಕ್ಕೆ ನನ್ನದೇ ಸಹಿ ಬೇಕು. ಸಹಿ ಬಿದ್ದ ಮರುದಿನ ಜೆಸಿಬಿ ಬರುತ್ತದೆ. ಮೇಡಂ ನನ್ನನ್ನು ಕರೆದು ಏನೋ ಹೇಳಲು ಹೋಗಿ, "ಊಟ ಆಯ್ತ್ರೇನು?" ಎಂದು ಕೇಳಿ ಕಳಿಸಿದರು.

೨೫ ಮಾರ್ಚ್

ಆಗಿದ್ದನ್ನು ಆದ ಹಾಗೆ ಬರೆಯುತ್ತೇನೆ.

ಬೆಂಗಳೂರಿನ ಸಾಹೇಬರು ಹನ್ನೊಂದಕ್ಕೆ ಕರಿಗುಂಡ ಮುಟ್ಟಿದರು. ತೆಳ್ಳಗಿನ ಮನುಷ್ಯ, ಒಳ್ಳೆಯ ಮುಖ. ಬಿಸಿಲು ನೆತ್ತಿ ಸುಡುತ್ತಿತ್ತು. ರೋಜಾ ಹಿಡಿದಿದ್ದ ಬಂದೇಅಲಿ ಜೀಪಿನ ನೆರಳಲ್ಲಿ ನಿಂತಿದ್ದ. ಏಳೂ ಮನೆಯವರು ಹೊರಗೆ ಬಂದು ಸಾಲಾಗಿ ನಿಂತಿದ್ದರು, ಮಕ್ಕಳು ಮುದುಕರು ಎಲ್ಲರೂ. ಹೊಳೆ ಮೊಣಕಾಲುದ್ದಕ್ಕೆ ಇಳಿದಿತ್ತು. ದ್ವೀಪದಿಂದ ಎಮ್ಮೆಗಳು ನಡೆದುಕೊಂಡೇ ದಂಡೆಗೆ ಬರುತ್ತಿದ್ದವು.

ಸಾಹೇಬರು ಹಾಳೆ ನೋಡಿ ಕೇಳಿದರು: "ಇಲ್ಲಿ ಅಲೆ ಯಾವ ಹೊತ್ತಿಗೆ ಬರುತ್ತೆ?"

ಮೇಡಂ ಗಂಟಲು ಸರಿಮಾಡಿಕೊಂಡರು. "ಮಳಿಗಾಲದಾಗ ಬರ್ತಾವ ಸರ್."

ಅವರು ಗುರುತು ಹಾಕಿಕೊಂಡರು. ಆಮೇಲೆ ಆ ದೃಢೀಕರಣವನ್ನು ಜೀಪಿನ ಬಾನೆಟ್ಟಿನ ಮೇಲೆ ಇಟ್ಟು ನನಗೆ ಪೆನ್ನು ಕೊಟ್ಟರು. "ತೀರದಲ್ಲಿ ಯಾರೂ ವಾಸವಿಲ್ಲ" ಎಂದು ಟೈಪ್ ಮಾಡಿತ್ತು. ತಲೆ ಎತ್ತಿದೆ. ಎದುರಿಗೆ ಮೂವತ್ತು ಜನ ನಿಂತಿದ್ದರು. ಲಾಲಪ್ಪನ ಮಗಳ ಕೈಯಲ್ಲಿ ಪರೀಕ್ಷೆಯ ಪ್ಯಾಡು ಇತ್ತು, ಗಣಿತ ಹಿಂದಿನ ದಿನವಷ್ಟೇ ಮುಗಿದಿತ್ತು. ಪೀರಮ್ಮಕ್ಕ ನನ್ನನ್ನೇ ನೋಡುತ್ತಿದ್ದಳು.

ನನಗೆ ಭಯವಾಗಿತ್ತು. ಅಂಗಿ ಬೆನ್ನಿಗೆ ಅಂಟಿತ್ತು. ಬಾಯಿಂದ ಮಾತು ತಾನೇ ಹೊರಬಂತು: "ಸರ್, ಇಲ್ಲಿ ಸಮುದ್ರ ಇಲ್ಲರಿ."

"ಗೊತ್ತು ಕಣ್ರೀ" ಎಂದರು ಸಾಹೇಬರು, ಮೆಲ್ಲಗೆ. "ಜೀಪಿಂದ ಇಳಿದ ತಕ್ಷಣ ಗೊತ್ತಾಯ್ತು."

"ಮತ್ತ?"

"ನನಗೆ ಗೊತ್ತಾದರೆ ಏನು ಬಂತು? ಫೈಲಲ್ಲಿ ಇದೆಯಲ್ಲ. ನಾನು ಫೈಲು ನೋಡೋಕೆ ಬಂದಿದೀನಿ, ನೀರು ನೋಡೋಕಲ್ಲ. ಇಲ್ಲ ಅಂತ ಯಾರಾದ್ರೂ ಬರೆದು ಕೊಟ್ಟರೆ..."

ಯಾರಾದರೂ ಎಂದರೆ ಯಾರು? ಮೇಡಂ ನೆಲ ನೋಡಿದರು. ಬಂದೇಅಲಿ ಆಕಾಶ ನೋಡಿದ. ಇಡೀ ಸರ್ಕಾರಕ್ಕೆ ಗೊತ್ತಿರುವ ಸಂಗತಿಯನ್ನು ಬರೆಯಲು ಒಬ್ಬ ದ್ವಿತೀಯ ದರ್ಜೆ ಸಹಾಯಕ ಬೇಕಾಗಿತ್ತು.

ಟೈಪ್ ಮಾಡಿದ ಹಾಳೆಯನ್ನು ತಿರುವಿ ಹಿಂಬದಿಯಲ್ಲಿ ಬರೆದೆ. ಇಲ್ಲಿ ಸಮುದ್ರವಿಲ್ಲ, ಎಂದೂ ಇದ್ದಿಲ್ಲ. ಮೊದಲಿನ ವರದಿ ನಾನು ಬರೆದದ್ದು, ಅದು ಸುಳ್ಳು. ದಂಡೆಯ ಮೇಲೆ ಏಳು ಮನೆಗಳಿವೆ. ಒಂದೊಂದು ಮನೆಯವರ ಹೆಸರು, ಎಷ್ಟು ಜನ, ಯಾರಿಗೆ ಎಷ್ಟು ವಯಸ್ಸು, ಎಲ್ಲ ಬರೆದೆ. ಹೊತ್ತು ಮೀರುತ್ತಿತ್ತು, ಅದಕ್ಕೆ ಯಾರನ್ನೂ ಕೇಳಲು ಹೋಗಲಿಲ್ಲ. ಕೆಳಗೆ ಸಹಿ ಮಾಡಿ ತಾರೀಖು ಹಾಕಿದೆ.

ಸಾಹೇಬರು ಎರಡು ಸಲ ಓದಿದರು. "ಅಕ್ಷರ ಚೆನ್ನಾಗಿದೆ" ಎಂದರು. ಜೀಪಿಗೆ ಹತ್ತುವಾಗ, "ಪಾಪ" ಎಂದರು. ಯಾರಿಗೆ ಎಂದು ತಿಳಿಯಲಿಲ್ಲ.

೧೧ ಏಪ್ರಿಲ್

ಬೆಳಿಗ್ಗೆ ಮೂರು ಕಾಗದ ಒಟ್ಟಿಗೆ ಬಂದವು. ಒಂದು, ಕರಿಗುಂಡದ ಯೋಜನೆ ಕೈಬಿಡಲಾಗಿದೆ, ಕಾರಣ, "ತಾಂತ್ರಿಕ". ಎರಡು, ಪ್ರಮೋಷನ್ ಪಟ್ಟಿ. ನನ್ನ ಹೆಸರಿಲ್ಲ, ನನಗಿಂತ ಒಂಬತ್ತು ವರ್ಷ ಕಿರಿಯನಾದ ಭೀಮಶಾನದು ಇದೆ. ಮೂರು, ಸರ್ಕಾರಕ್ಕೆ ಸುಳ್ಳು ಸಮುದ್ರದ ಮಾಹಿತಿ ನೀಡಿದ್ದೇಕೆ ಎಂದು ಏಳು ದಿನದಲ್ಲಿ ಉತ್ತರಿಸಲು ನನಗೆ ನೋಟೀಸು. ಒಂದನೇ ಕಲಮು ಬರೆದ ಮೇಡಂಗೆ ಯಾವ ನೋಟೀಸೂ ಇಲ್ಲ, ಅವರದು ಇನ್ನೂ ಪರಿಶೀಲನೆಯಲ್ಲಿದೆ. ಅವರು ಬಂದು ನನ್ನ ಮೇಜಿನ ಬಳಿ ನಿಂತರು, ಕಣ್ಣು ಒದ್ದೆಯಾಗಿತ್ತು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಭೀಮಶಾನ ಮೇಲೆ ಬಂತು, ಅವನದೇನೂ ತಪ್ಪಿಲ್ಲದಿದ್ದರೂ.

ಸಂಜೆ ಮೊದಲನೇ ಕಾಗದ ಹಿಡಿದು ಕರಿಗುಂಡಕ್ಕೆ ಹೋದೆ. ಪೀರಮ್ಮಕ್ಕ ಬಾಗಿಲ ಮುಂದೆ ಹರಿದ ಬಲೆ ಹರಡಿಕೊಂಡು ಹೊಲಿಯುತ್ತಿದ್ದಳು. ಓದಿ ಹೇಳಿದೆ, ನಮ್ಮ ಮಾತಿನಲ್ಲೇ. ಸೂಜಿ ನಿಲ್ಲಲಿಲ್ಲ. ಹೇಳಬೇಕಾದದ್ದು ಇನ್ನೊಂದಿತ್ತು.

"ಅಕ್ಕಾ, ಜನವರಿದಾಗ ಯಾರೂ ಇಲ್ಲಂತ ಬರದಂವ ನಾನೇ."

"ಗೊತ್ತದ. ಚೀಟಿ ಹಚ್ಚಿದ ದಿನಾನೇ ಬಂದೇಅಲಿ ಹೇಳ್ಯಾನ."

ಅಂದರೆ ಅಷ್ಟೂ ಭಾನುವಾರ ನನಗೆ ಚಹಾ ಕೊಟ್ಟಾಗ ಇವಳಿಗೆ ಗೊತ್ತಿತ್ತು. ನನಗೆ ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು.

"ನೀವು ಇಲ್ಲಂತ ಬರದಾಗೂ ನಾವು ಹೊಳ್ಯಾಗ ಬಲಿ ಹಾಕೀವಿ, ಅದಾರ ಅಂತ ಬರದಾಗೂ ಹಾಕೀವಿ. ನಡುವ ಹೈರಾಣಾದವರು ನೀವೇ ನೋಡ್ರಿ" ಎಂದು ನಕ್ಕಳು. ಆಮೇಲೆ ನಗು ನಿಂತಿತು. "ಖರೆ ಆ ನಲವತ್ತ ದಿನ ನನ್ನ ಸೊಸಿ ಒಂದ ಹೊತ್ತರ ಹೊಟ್ಟಿ ತುಂಬ ಉಂಡಿಲ್ಲರಿ. ಜೆಸಿಬಿ ಸಪ್ಪಳ ಬಂದಂಗಾಗಿ ಎದ್ದೆದ್ದು ಕುಂದ್ರತಿದ್ಲು. ಅದನ್ನ ಯಾವ ಕಾಗದದಾಗ ತಿದ್ದತೀರಿ ಅಯ್ಯನೋರ?"

ಎದ್ದು ಹೋಗಲು ಕಾಲು ಬರಲಿಲ್ಲ, ಕೂತಿರಲು ಮುಖವಿರಲಿಲ್ಲ. ಅವಳು ಬಲೆಯ ಇನ್ನೊಂದು ತುದಿಯನ್ನು ನನ್ನ ಕಡೆ ಎಸೆದಳು.

"ಜಗ್ಗಿ ಹಿಡೀರಿ. ಸಡಲ ಬಿಡಬ್ಯಾಡ್ರಿ."

ಹೊತ್ತು ಮುಳುಗುವವರೆಗೂ ಹಿಡಿದುಕೊಂಡು ಕೂತಿದ್ದೆ.